38ನೇ ಸ್ಥಾನ, ಮೂಲೆ ಸೇರಿದ ಒಲೆ

(ಪುಣೆಯಲ್ಲಿರುವ ನಮ್ಮ ಮನೆತನದ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ)

ಕೋಥ್ರೂಡ್ ಕಾಕಾ: ಇದನ್ನು ಎಲ್ಲರೂ ಓದಿ. ಹೊಸ ಸಂಶೋಧನೆಯಲ್ಲಿ ಯಾವ ದೇಶ ಎಷ್ಟು ಮುಂದಿದೆ ಅಂತ ಅಳೆಯುವ ಜಾಗತಿಕ ನಾವೀನ್ಯ ಸೂಚ್ಯಂಕದಲ್ಲಿ 2015ರಲ್ಲಿ ಭಾರತ 81ನೇ ಸ್ಥಾನದಲ್ಲಿತ್ತು. 2025ರಲ್ಲಿ 38. ಹತ್ತು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದೆವು! 🇮🇳

ಅಣ್ಣ: ಖುಷಿ ಆಯಿತು ಕಾಕಾ. ಆದರೆ ಸಂಶೋಧನೆಗೆ ನಾವು ಖರ್ಚು ಮಾಡುವುದು ಜಿಡಿಪಿಯ ಶೇ 0.64 ಅಷ್ಟೇ. ದಕ್ಷಿಣ ಕೊರಿಯಾ ಶೇ 5ರ ಹತ್ತಿರ ಇದೆ.

ಕೋಥ್ರೂಡ್ ಕಾಕಾ: ಅದಕ್ಕೇ 2023ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಬಂತಲ್ಲ. ಐದು ವರ್ಷಕ್ಕೆ 50,000 ಕೋಟಿ.

ಅಣ್ಣ: ಅದರಲ್ಲಿ ಹೆಚ್ಚಿನ ಪಾಲು ಖಾಸಗಿಯವರಿಂದ ಬರಬೇಕು. ಬರಲಿ, ನೋಡೋಣ.

ಹಡಪ್ಸರ್ ಅತ್ತೆ: ದುಡ್ಡು ಬಂದರೂ ಕೆಲಸ ಎಲ್ಲಿ ಕೆಡುತ್ತದೆ ಅಂತ ನಾನು ಹೇಳುತ್ತೇನೆ ಕೇಳು. ಅಸ್ತ್ರ ಒಲೆ ನೆನಪಿದೆಯಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಕಟ್ಟಿದ ಅಸ್ತ್ರ ಕೇಂದ್ರದಲ್ಲಿ ರೂಪಿಸಿದ್ದು. ಕಟ್ಟಿಗೆ ಕಡಿಮೆ, ಹೊಗೆ ಕಡಿಮೆ. ಒಳ್ಳೆಯ ಒಲೆ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ಯೋಜನೆಯನ್ನೇ ತಂದಿತು. 3 ಕೋಟಿಗಿಂತ ಜಾಸ್ತಿ ಒಲೆ ಹಂಚಿದರು. ಲೆಕ್ಕ ಹಾಕಿದ್ದು ಹಂಚಿದ ಒಲೆಗಳನ್ನು. ಉರಿಯುತ್ತಿದ್ದ ಒಲೆಗಳನ್ನಲ್ಲ.

ಕೋಥ್ರೂಡ್ ಕಾಕಾ: ಜನ ಬಳಸದಿದ್ದರೆ ವಿಜ್ಞಾನಿಗಳು ಏನು ಮಾಡಬೇಕು ಅಕ್ಕಾ?

ಹಡಪ್ಸರ್ ಅತ್ತೆ: ಜನರ ಮೇಲೆ ಹಾಕಬೇಡ. ಒಡಿಶಾದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಜೊತೆಯವರು ಇಂಥದ್ದೇ ಹೊಸ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದರು. ಮೊದಲ ವರ್ಷ ಉಸಿರಿನಲ್ಲಿ ಒಳಗೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭವೇ ಕರಗಿತು. ಒಲೆ ಬಿರುಕು ಬಿಟ್ಟರೆ ಮೆತ್ತಬೇಕು, ಚಿಮಣಿಯ ಮಸಿ ತೆಗೆಯಬೇಕು. ನೀರು, ಕೂಲಿ, ಮಕ್ಕಳು ಎಲ್ಲಾ ಮುಗಿಸಿ ಆ ಹೆಂಗಸು ಮಾಡಿನ ಮೇಲೆ ಹತ್ತಬೇಕಾ? ಯೋಜನೆಯಲ್ಲಿ ಒಲೆಗೆ ದುಡ್ಡು ಇರುತ್ತದೆ, ಚಿಮಣಿಯ ಮಸಿ ತೆಗೆಯುವವನ ಕೂಲಿಗೆ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಕೋಥ್ರೂಡ್ ಕಾಕಾ: ಈಗ ಆ ಒಲೆ ಯಾಕೆ? ಕೇಂದ್ರದ ಉಜ್ವಲಾ ಯೋಜನೆಯಲ್ಲಿ 10 ಕೋಟಿಗಿಂತ ಜಾಸ್ತಿ ಮನೆಗೆ ಗ್ಯಾಸ್ ಬಂತು.

ನಾನು: ಕಾಕಾ, ಅಲ್ಲೂ ಅದೇ ಕಥೆ ಶುರುವಾಗಿತ್ತು. ಉಜ್ವಲಾ ಮನೆಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸಿವೆ ಅಂತ 2019ರಲ್ಲಿ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ಹೇಳಿತು. ಅಷ್ಟರಲ್ಲಿ ಒಂದು ಸಂಸಾರದ ಅಡುಗೆ ಆಗುತ್ತದಾ? ಕಟ್ಟಿಗೆ ಒಲೆ ಪಕ್ಕದಲ್ಲೇ ಉರಿಯುತ್ತಿತ್ತು.

ಕೋಥ್ರೂಡ್ ಕಾಕಾ: ಸಬ್ಸಿಡಿ ಹೆಚ್ಚಿಸಿದ ಮೇಲೆ 2023-24ರಲ್ಲಿ ಅದು 4ರ ಹತ್ತಿರ ಬಂದಿದೆ. ಅದನ್ನೂ ಹೇಳು.

ಹಡಪ್ಸರ್ ಅತ್ತೆ: ಸರಿ, ಒಪ್ಪಿದೆ. ಯಾಕೆ ಏರಿತು? ಎಷ್ಟು ತುಂಬಿಸುತ್ತಾರೆ ಅಂತ ಲೆಕ್ಕ ಇಟ್ಟರು, ದುಡ್ಡು ಅಲ್ಲಿಗೇ ಹಾಕಿದರು. ನಾನು ಹೇಳುತ್ತಿರುವುದೂ ಅದೇ.

ಅಣ್ಣ: ನಮ್ಮ ಪುಣೆಯ ಸ್ವಚ್ಛ್ ನೋಡಿ. ಕಸ ಆಯುವ ಹೆಂಗಸರೇ ಕಟ್ಟಿಕೊಂಡ ಸಹಕಾರ ಸಂಘ. 2008ರಿಂದ ಮಹಾನಗರಪಾಲಿಕೆ ಜೊತೆ ಒಪ್ಪಂದ. ತಿಂಗಳು ತಿಂಗಳು ಮನೆಯವರು ಶುಲ್ಕ ಕೊಡುತ್ತೇವೆ, ಅವರು ಬಾಗಿಲಿಗೆ ಬರುತ್ತಾರೆ. ಪೇಟೆಂಟ್ ಇಲ್ಲ, ಯಂತ್ರ ಇಲ್ಲ. ಇದೂ ನಾವೀನ್ಯವೇ ಅಲ್ವಾ? ಕೆಲಸ ಮಾಡುವವರಿಗೆ ದುಡ್ಡು ಸಿಗುತ್ತದೆ, ಅದಕ್ಕೇ ನಿಂತಿದೆ.

ಕೋಥ್ರೂಡ್ ಕಾಕಾ: ಇದು ಸರಿ. ಆದರೂ 38ನೇ ಸ್ಥಾನದ ಖುಷಿ ನಾನು ಬಿಡುವುದಿಲ್ಲ. ಲ್ಯಾಬ್‌ನಲ್ಲಿ ದುಡಿದವರಿಗೆ ಅದು ಸಲ್ಲಬೇಕು. ಪ್ರತಿಯೊಂದಕ್ಕೂ ಐದು ವರ್ಷ ಆದ ಮೇಲೂ ಬಳಕೆಯಲ್ಲಿದೆಯಾ ಅಂತ ಲೆಕ್ಕ ಕೇಳಿದರೆ ಹೊಸದನ್ನು ಯಾರೂ ಮಾಡುವುದಿಲ್ಲ ಅಕ್ಕಾ.

ಹಡಪ್ಸರ್ ಅತ್ತೆ: ಲ್ಯಾಬ್‌ನವರನ್ನು ಕೇಳಬೇಡ. ಹಳ್ಳಿಗೆ ಒಯ್ದು ಹಂಚುವವರನ್ನು ಕೇಳು. ಅವರ ಕೊನೆಯ ಕಂತನ್ನು ಮೂರನೇ ವರ್ಷ, ಒಲೆ ಉರಿಯುತ್ತಿದೆಯಾ ಅಂತ ನೋಡಿ ಕೊಡಲಿ.

ಕೋಥ್ರೂಡ್ ಕಾಕಾ: ಮೂರು ವರ್ಷ ಆದರೆ ಒಪ್ಪುತ್ತೇನೆ.