ಹೆಣ್ಣುಮಕ್ಕಳ ಆರೋಗ್ಯ: ಆಸ್ಪತ್ರೆಗೆ ಹೋದಮೇಲೂ ಕೈತಪ್ಪುವುದು ಎಲ್ಲೆಲ್ಲಿ?

ಸಂಜೆಮಲ್ಲಿಗೆ (ಪ್ರಶ್ನೆ)
ಮಹಿಳಾ ಗುಂಪುಗಳಿಗೆ ಹಂಚಲು ಒಂದು ಹಾಳೆ ಸಿದ್ಧವಾಗುತ್ತಿದೆ. ಮೈನೆರೆದ ಹುಡುಗಿಯಿಂದ ಹಿಡಿದು ವಯಸ್ಸಾದವರ ತನಕ, ಎರಡೇ ಬದಿ. ದುಡ್ಡು, ದೂರ, ಮನೆಯವರ ಒಪ್ಪಿಗೆ ಇವುಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಡಾಕ್ಟರ ಎದುರು ಕೂತ ಮೇಲೂ ಕಾಯಿಲೆ ಪತ್ತೆಯಾಗದೆ ವಾಪಸ್ ಬರುತ್ತಾರಲ್ಲ, ಅದು ಯಾಕೆ? ಯಾವ ವಯಸ್ಸಿನಲ್ಲಿ ಏನು ಕೇಳಬೇಕು, ಯಾವ ಅಂಕಿ ನೋಡಬೇಕು? "ನಿರ್ಲಕ್ಷಿಸಬೇಡಿ" ಅನ್ನುವ ಉಪದೇಶ ಮಾತ್ರ ಬೇಡ.

ಹಸಿರುಕಡ್ಡಿ
ಮುಟ್ಟಿನಿಂದ ಶುರು ಮಾಡಿ. "ಹೊಟ್ಟೆನೋವು ಇದೆಯಾ" ಎಂದರೆ "ಎಲ್ಲರಿಗೂ ಇರೋದೇ" ಅನ್ನುತ್ತಾರೆ. ನೋವಿನಿಂದ ತಿಂಗಳಿಗೆ ಎಷ್ಟು ದಿನ ಶಾಲೆ, ಕೆಲಸ ತಪ್ಪುತ್ತದೆ ಎಂದು ಕೇಳಿ. ಮಾತ್ರೆ ನುಂಗಿದರೂ ಇಳಿಯುವುದಿಲ್ಲವೇ? ಆ ದಿನಗಳಲ್ಲಿ ಮಲಮೂತ್ರಕ್ಕೆ ಹೋಗುವಾಗ ನೋವೇ? ಇವು ಎಂಡೊಮೆಟ್ರಿಯೋಸಿಸ್‌ನ ಸುಳಿವುಗಳು. ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು. ಹೆರುವ ವಯಸ್ಸಿನವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಕಾಯಿಲೆ, ಆದರೂ ಪತ್ತೆಗೆ 4ರಿಂದ 12 ವರ್ಷ ಹಿಡಿಯುತ್ತದೆ. ದಾರಿ ತಪ್ಪಿಸುವುದು ಹೆಚ್ಚಾಗಿ ಸ್ಕ್ಯಾನ್ ವರದಿ. ಅಂಡಾಶಯದಲ್ಲಿ ಗಂಟಾಗಿದ್ದರೆ ಕಾಣುತ್ತದೆ, ಹೊಟ್ಟೆಯ ಒಳಪೊರೆಯ ಮೇಲೆ ತೆಳ್ಳಗೆ ಹರಡಿದ್ದು ಕಾಣುವುದಿಲ್ಲ. ವರದಿ ನಾರ್ಮಲ್ ಬಂದರೂ ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡಬಹುದು, ಲ್ಯಾಪರೋಸ್ಕೋಪಿಗೆ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ಒಳಗೆ ನೋಡುವುದು) ಕಾಯಲೇಬೇಕೆಂದಿಲ್ಲ.

ಇನ್ನು ರಕ್ತಹೀನತೆ. ಹಿಮೋಗ್ಲೋಬಿನ್ 12 ದಾಟಿದರೆ "ರಕ್ತ ಸರಿಯಿದೆ" ಎಂದು ಕಳಿಸಿಬಿಡುತ್ತಾರೆ. ಆದರೆ ಹಿಮೋಗ್ಲೋಬಿನ್ ಇಳಿಯುವುದು ಕಬ್ಬಿಣದ ದಾಸ್ತಾನು ಖಾಲಿಯಾದ ಮೇಲೆ. ವಿಪರೀತ ಸುಸ್ತು, ಕೂದಲು ಉದುರುವುದು, ಏಳು ದಿನಕ್ಕೂ ಮೀರಿದ ಮುಟ್ಟು ಇದ್ದರೆ ಈ ದಾಸ್ತಾನನ್ನು ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಕೇಳಿ. ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಅಂದರೆ ದಾಸ್ತಾನು ಮುಗಿದಿದೆ. ಅನೇಕ ವೈದ್ಯರು 30ಕ್ಕೇ ಎಚ್ಚರಗೊಳ್ಳುತ್ತಾರೆ. ಸೋಂಕು, ಉರಿಯೂತ ಇರುವಾಗ ಮಾಡಿಸಿದರೆ ಅಂಕಿ ಸುಳ್ಳಾಗಿ ಮೇಲೇರುತ್ತದೆ.

ಕಬ್ಬಿಣದ ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವವರನ್ನು ಮೂರು ವಿಷಯ ಕೇಳಿ: ಚಹಾ, ಕಾಫಿ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ತಗೊಂಡರಾ, ಮಲ ಕಪ್ಪಾಯಿತೆಂದು ಹೆದರಿ ಬಿಟ್ಟರಾ, ಅಂಕಿ ಏರಿದ ಕೂಡಲೇ ನಿಲ್ಲಿಸಿದರಾ. ದಾಸ್ತಾನು ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಬೇಕು. ಹೊಟ್ಟೆ ಕೆಡುತ್ತದೆ ಅಂದರೆ ದಿನ ಬಿಟ್ಟು ದಿನ ತಗೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಲಿ. ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು 24 ಗಂಟೆ ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತದೆ, ಹಾಗಾಗಿ ಡೋಸ್ ಇಮ್ಮಡಿ ಮಾಡಿದರೆ ಲಾಭ ಇಮ್ಮಡಿಯಾಗುವುದಿಲ್ಲ.

ಮೂರನೇ ಮಹಡಿ
ನನ್ನ ಪ್ರಕಾರ ಅತಿ ದೊಡ್ಡ ತೂತು ಹೆರಿಗೆಯ ನಂತರದ್ದು. ಮಗುವಿಗೆ ಲಸಿಕೆ ಕಾರ್ಡ್ ಸಿಗುತ್ತದೆ, ತಾಯಿಯ ಫೈಲ್ ಮುಚ್ಚಿಹೋಗುತ್ತದೆ. ಬಸಿರಿನಲ್ಲಿ ಸಕ್ಕರೆ ಬಂದಿದ್ದವರು ಹೆರಿಗೆಯಾದ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದು ಪರೀಕ್ಷೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಅಷ್ಟು ಹೊತ್ತು ಕಾಯುವವರು ಯಾರು? ಅಲ್ಲೇ ತಪ್ಪಿಹೋಗುತ್ತದೆ. ಸುಲಭವೆಂದು ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾತ್ರ ಮಾಡಿಸಿದರೆ ಆಗ ನಂಬುವ ಹಾಗಿಲ್ಲ, ಹೆರಿಗೆಯ ರಕ್ತಸ್ರಾವ ಆ ಅಂಕಿಯನ್ನು ಏರುಪೇರು ಮಾಡಿರುತ್ತದೆ. ಫಲಿತಾಂಶ ಸರಿಯಿದ್ದರೂ ಮೂರು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಿಸಬೇಕು.

ಬಸಿರಿನಲ್ಲಿ 20 ವಾರದ ನಂತರ ಬಿಪಿ 140/90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಅಥವಾ ಬೇರೆ ಅಂಗಗಳಿಗೆ ತೊಂದರೆ ಕಂಡು ಪ್ರಿಎಕ್ಲಾಂಪ್ಸಿಯಾ ಎನಿಸಿಕೊಂಡಿದ್ದವರಿಗೆ ಮುಂದೆ ಹೃದಯದ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು. ಆದರೆ ಐವತ್ತನೇ ವಯಸ್ಸಿನಲ್ಲಿ ಎದೆಯುರಿ ಎಂದು ಬಂದವಳನ್ನು "ನಿಮ್ಮ ಬಸಿರಿನಲ್ಲಿ ಬಿಪಿ ಇತ್ತೇ" ಎಂದು ಕೇಳುವವರು ಎಷ್ಟು ಮಂದಿ?

ಇರುಳುಪಾಳಿ
ಹೃದಯದ ವಿಷಯ ಬಂತಲ್ಲ, ಒಂದು ತಿದ್ದುಪಡಿ. "ಹೆಂಗಸರಿಗೆ ಹೃದಯಾಘಾತದಲ್ಲಿ ಎದೆನೋವೇ ಇರುವುದಿಲ್ಲ" ಎಂದು ಹಾಳೆಯಲ್ಲಿ ಬರೆಯಬೇಡಿ. ಅವರಲ್ಲೂ ಎದೆನೋವೇ ಮುಖ್ಯ ಲಕ್ಷಣ. ಜೊತೆಗೆ ಉಸಿರುಕಟ್ಟುವುದು, ವಾಕರಿಕೆ, ದವಡೆ ಅಥವಾ ಬೆನ್ನು ಹಿಡಿಯುವುದು ಹೆಚ್ಚು. ಆ ಉಳಿದವನ್ನೇ ಕೇಳಿಸಿಕೊಂಡು ಗ್ಯಾಸ್ಟ್ರಿಕ್, ಟೆನ್ಷನ್ ಎಂದು ತೀರ್ಮಾನಿಸುವುದರಿಂದ ಎಡವಟ್ಟಾಗುತ್ತದೆ.

ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಒಂದು ಇಸಿಜಿ ಸರಿಯಿದೆ ಎಂದು ಎದ್ದು ಹೋಗಬಾರದು, ನೋವು ಮುಂದುವರಿದರೆ ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ವರದಿಯಲ್ಲಿ ಗಂಡು, ಹೆಣ್ಣಿಗೆ ಬೇರೆ ಮಿತಿ ಇದೆಯೇ ನೋಡಿ. ಬಳಕೆಯಲ್ಲಿರುವ ಒಂದು ಸೂಕ್ಷ್ಮ ಟ್ರೋಪೋನಿನ್ ಐ ಪರೀಕ್ಷೆಯಲ್ಲಿ ಲೀಟರಿಗೆ ಹೆಂಗಸರಿಗೆ 16, ಗಂಡಸರಿಗೆ 34 ನ್ಯಾನೋಗ್ರಾಂ. ಗಂಡಸರ ಮಿತಿಯನ್ನೇ ಎಲ್ಲರಿಗೂ ಹಚ್ಚಿದರೆ 22 ಬಂದ ಹೆಂಗಸು "ನಾರ್ಮಲ್" ಆಗಿ ಮನೆಗೆ ಹೋಗುತ್ತಾಳೆ.

ಸಂಜೆಮಲ್ಲಿಗೆ
ಉಪಕಾರವಾಯಿತು. ಗರ್ಭಕಂಠದ ಪರೀಕ್ಷೆಗೆ ಒಳಗೆ ನೋಡುತ್ತಾರೆಂಬ ಸಂಕೋಚಕ್ಕೇ ಬಹಳ ಜನ ಬರುವುದಿಲ್ಲ. ಮುಟ್ಟು ನಿಂತವರಂತೂ "ಇನ್ನು ನಮಗೇನು" ಅನ್ನುತ್ತಾರೆ.

ಹಸಿರುಕಡ್ಡಿ
ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಗೆ ಮಾದರಿಯನ್ನು ಅವರೇ ತೆಗೆಯಬಹುದು: ಪರದೆಯ ಹಿಂದೆ ಹೋಗಿ, ಕಡ್ಡಿಯನ್ನು ಯೋನಿಯೊಳಗೆ ಮೆಲ್ಲಗೆ ಇಟ್ಟು, ಕೆಲವು ಸುತ್ತು ತಿರುಗಿಸಿ, ಕೊಳವೆಗೆ ಹಾಕಿದರೆ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 30ರಿಂದ ಶುರು, 5ರಿಂದ 10 ವರ್ಷಕ್ಕೊಮ್ಮೆ. ಎಚ್‌ಐವಿ ಇರುವವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ, ಆದರೆ ಮುಂದಿನ ಭೇಟಿಗೆ ಬಾರದಿದ್ದರೆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ. ಮಾದರಿ ತೆಗೆಯುವ ದಿನವೇ ಆ ತಾರೀಖು ಬರೆದುಕೊಡಿ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆ ಆಗಬೇಕು. ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದರೆ ಪ್ಲಾಸ್ಟರ್ ಹಾಕಿ ಕಳಿಸುತ್ತಾರೆ. ಅದು ಮೂಳೆ ಸವೆದಿರುವ ಸುಳಿವಿರಬಹುದು, ಮೂಳೆ ಸಾಂದ್ರತೆಯ ಪರೀಕ್ಷೆಯನ್ನು ಕೇಳಿಯೇ ಮಾಡಿಸಿಕೊಳ್ಳಬೇಕು.

ಕೆಮ್ಮಿದಾಗ ಮೂತ್ರ ಸೋರುವುದೂ ವಯಸ್ಸಿನ ಶಿಕ್ಷೆಯಲ್ಲ. ಮೂತ್ರ ತಡೆಹಿಡಿಯುವ, ಕೆಳಹೊಟ್ಟೆಯ ತಳದ ಸ್ನಾಯುವನ್ನು ಒಂದು ಸಲಕ್ಕೆ 8 ಬಾರಿ ಬಿಗಿಹಿಡಿದು ಬಿಡುವುದು, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಉಸಿರು ಕಟ್ಟಿ ಕೆಳಕ್ಕೆ ಮುಕ್ಕಿದರೆ ಉಲ್ಟಾ ಆಗುತ್ತದೆ.

ಮೂರನೇ ಮಹಡಿ
ಹಾಳೆಯ ಒಂದು ಬದಿಯಲ್ಲಿ ಮಾಹಿತಿ ಬೇಡ. ಬಸಿರಿನ ಬಿಪಿ, ಸಕ್ಕರೆ, ಮುಟ್ಟು ನಿಂತ ವಯಸ್ಸು, ಎಚ್‌ಪಿವಿ ತಾರೀಖು, ಫೆರಿಟಿನ್ ಬರೆದುಕೊಳ್ಳಲು ಖಾಲಿ ಗೆರೆ ಬಿಡಿ. ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ: "ಡಾಕ್ಟ್ರೇ, ಐದು ನಿಮಿಷ ನಾನೊಬ್ಬಳೇ ಮಾತಾಡಬೇಕು." ಜೊತೆಗೆ ಬಂದವರ ಎದುರು ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ಬೆರಳಿಟ್ಟು ತೋರಿಸಬಹುದು.