ಎರಡು ನೋಡ್, ಒಂದೇ ಡಿಸ್ಕ್ ಶೆಲ್ಫ್: ಒಂದರಲ್ಲಿ ಇರುವ ಫೈಲ್ ಇನ್ನೊಂದರಲ್ಲಿ ಕಾಣುತ್ತಿಲ್ಲ

ಹೊಸಬ_ನೋಡ್:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟಿದೆ, ಯಾರಾದರೂ ದಾರಿ ತೋರಿಸಿ. ನಮ್ಮದು ಸಣ್ಣ ಆಫೀಸು. ಸೆಕೆಂಡ್ ಹ್ಯಾಂಡ್ ಸರ್ವರ್ ಎರಡು ತಂದು ಪ್ರಾಕ್ಸ್‌ಮಾಕ್ಸ್ (ಒಂದು ಸರ್ವರಿನಲ್ಲಿ ಹಲವು ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರ್, ಓಡಿಸುವ ಸಾಫ್ಟ್‌ವೇರ್) ಹಾಕಿ, ಎರಡನ್ನೂ ಜೋಡಿಸಿ ಕ್ಲಸ್ಟರ್ ಮಾಡಿದ್ದೇನೆ; ಒಂದೊಂದು ಸರ್ವರ್ ಒಂದೊಂದು ನೋಡ್. ಜೊತೆಗೆ ಒಂದು ಸ್ಯಾಸ್ ಡಿಸ್ಕ್ ಶೆಲ್ಫ್ (ಸರ್ವರಿನ ಹೊರಗಿನ ಡಿಸ್ಕ್ ಪೆಟ್ಟಿಗೆ) ಇದೆ, ಅದರಲ್ಲಿ 4 ಟಿಬಿಯ 8 ಡಿಸ್ಕ್. ಶೆಲ್ಫಿನ ಹಿಂದೆ ಎರಡು ಮಾಡ್ಯೂಲ್ ಇವೆ ಅಲ್ವಾ, ಹಾಗಾಗಿ ಎರಡೂ ಸರ್ವರಿಗೆ ಒಂದೊಂದು ಮೆಗಾರೇಡ್ ಕಾರ್ಡ್ (ಹಲವು ಡಿಸ್ಕನ್ನು ಒಂದೇ ಡಿಸ್ಕಿನ ಹಾಗೆ ನಡೆಸುವ ರೇಡ್ ಕಾರ್ಡ್) ಹಾಕಿ ಒಂದೊಂದು ಕೇಬಲ್ ಎಳೆದೆ.

ಮೊದಲ ನೋಡಿನಲ್ಲಿ ರೇಡ್ 6 (ಎರಡು ಡಿಸ್ಕ್ ಸತ್ತರೂ ಡೇಟಾ ಉಳಿಯುವ ಜೋಡಣೆ) ಮಾಡಿದೆ, 24 ಟಿಬಿ ಬಂತು. ಇಎಕ್ಸ್‌ಟಿ4 (ಲಿನಕ್ಸಿನ ಮಾಮೂಲಿ ಫೈಲ್ ಸಿಸ್ಟಮ್) ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡಿದೆ, ಅಂದರೆ ಬಳಕೆಗೆ ತೆರೆದೆ. ಎರಡನೇ ನೋಡ್ ಬೂಟ್ ಆಗುವಾಗ 'ಫಾರಿನ್ ಕಾನ್ಫಿಗರೇಷನ್' ಸಿಕ್ಕಿದೆ, ಇಂಪೋರ್ಟ್ ಮಾಡಲು ಎಫ್ ಒತ್ತಿ ಅಂತ ಬಂತು. ಒತ್ತಿದೆ. ಅಲ್ಲೂ ಅದೇ 24 ಟಿಬಿ ಕಾಣಿಸಿತು, ಖುಷಿಯಾಯ್ತು. ಅಲ್ಲೂ ಮೌಂಟ್ ಮಾಡಿ, ಪ್ರಾಕ್ಸ್‌ಮಾಕ್ಸಿನಲ್ಲಿ ಡೈರೆಕ್ಟರಿ ಸ್ಟೋರೇಜ್ ಸೇರಿಸಿ 'ಶೇರ್ಡ್' ಅನ್ನುವ ಕಡೆ ಟಿಕ್ ಹಾಕಿದೆ.

ಈಗ ಮೊದಲ ನೋಡಿನಲ್ಲಿ ಮಾಡಿದ ಫೈಲ್ ಎರಡನೆಯದರಲ್ಲಿ ಕಾಣುವುದಿಲ್ಲ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಕಾಣುತ್ತದೆ. ನಿನ್ನೆ ಒಂದು ವಿಎಂ ಅನ್ನು ಎರಡನೇ ನೋಡಿಗೆ ಕಳಿಸಿ ಸ್ಟಾರ್ಟ್ ಮಾಡಿದೆ. ಅರ್ಧ ಗಂಟೆ ಓಡಿ ನಿಂತಿತು. 'ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್' ಅಂತ ಎರರ್. ಕಾರ್ಡಿನ ಕ್ಯಾಶ್ ಸೆಟ್ಟಿಂಗ್ ತಪ್ಪಿದೆಯಾ?

ಗಡಿಬಿಡಿ_ಗಣಪ:
ಇಎಕ್ಸ್‌ಟಿ4 ಅನ್ನು ಎರಡು ಕಡೆ ಮೌಂಟ್ ಮಾಡಬಾರದು ಗುರು. ಜಿಎಫ್‌ಎಸ್2 (ಹಲವು ನೋಡ್ ಒಟ್ಟಿಗೆ ಬಳಸಬಹುದಾದ ಫೈಲ್ ಸಿಸ್ಟಮ್) ಹಾಕು, ಸರಿ ಹೋಗುತ್ತದೆ. ಆ ಎರರ್ ಓದಿದರೆ ನಗರಸಭೆಯವರು ಚರಂಡಿಗೆ ನೋಟೀಸ್ ಅಂಟಿಸಿದ ಹಾಗಿದೆ.

ರ್‍ಯಾಕ್_ರಾಯರು:
ಹೊಸಬರೇ, ಮೊದಲು ಎಲ್ಲಾ ವಿಎಂ ನಿಲ್ಲಿಸಿ. ಎರಡನೇ ನೋಡಿನಿಂದ ಶೆಲ್ಫಿಗೆ ಹೋಗುವ ಕೇಬಲ್ ಕಿತ್ತುಬಿಡಿ. ಅನ್‌ಮೌಂಟ್ ಮಾಡಿ ಕೀಳೋಣ ಅಂತ ಹೋಗಬೇಡಿ, ಅನ್‌ಮೌಂಟ್ ಆಗುವಾಗಲೂ ಅದು ತನ್ನ ಹಳೆಯ ಲೆಕ್ಕವನ್ನು ಡಿಸ್ಕಿಗೆ ಬರೆಯುತ್ತದೆ. ಉಳಿದದ್ದನ್ನು ಆಮೇಲೆ ಓದಿ.

ಗಣಪ, ಜಿಎಫ್‌ಎಸ್2 ಇಲ್ಲಿ ಅರ್ಧ ಉತ್ತರ ಅಷ್ಟೇ. ಫೈಲ್ ಸಿಸ್ಟಮ್ ಮಟ್ಟದ ಬೀಗವನ್ನು ಅದು ನೋಡಿಕೊಳ್ಳುತ್ತದೆ, ನಿಜ. ಆದರೆ ಅದರ ಕೆಳಗೆ ಎರಡು ರೇಡ್ ಕಾರ್ಡ್ ಇವೆ, ಒಂದಕ್ಕೆ ಇನ್ನೊಂದು ಇದೆ ಅನ್ನುವುದೇ ಗೊತ್ತಿಲ್ಲ. ಅಣ್ಣ ತಮ್ಮ ಸೇರಿ ಒಂದೇ ಕಿರಾಣಿ ಅಂಗಡಿ ನಡೆಸುತ್ತಿದ್ದಾರೆ ಅಂದುಕೊಳ್ಳಿ. ಉದ್ರಿ ಪುಸ್ತಕ ಒಂದೇ. ಆದರೆ ಇಬ್ಬರೂ ಗಿರಾಕಿ ಕೊಟ್ಟಿದ್ದನ್ನು ಜೇಬಿನ ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಪುಸ್ತಕದ ಹಳೆಯ ಬಾಕಿ ಹೊಡೆದು ತಮ್ಮ ಮೊತ್ತ ಬರೆಯುತ್ತಾರೆ. ಕೊನೆಗೆ ಬರೆದವನದು ಮಾತ್ರ ಉಳಿಯುತ್ತದೆ. ಆ ಚೀಟಿಯೇ ಕಾರ್ಡಿನ ರೈಟ್ ಬ್ಯಾಕ್ ಕ್ಯಾಶ್, ಡಿಸ್ಕಿಗೆ ಹೋಗುವ ಮೊದಲು ಡೇಟಾ ಕೂರುವ ಮೆಮೊರಿ.

ಚೀಟಿ ಬೇಡ, ನೇರ ಡಿಸ್ಕಿಗೇ ಬರೆಯಲಿ ಅಂತ ರೈಟ್ ಥ್ರೂಗೆ ಹಾಕಿದರೂ ಮುಗಿಯುವುದಿಲ್ಲ. ರೇಡ್ 6ರಲ್ಲಿ ಒಂದು ಸಣ್ಣ ತುಂಡು ಬರೆಯಬೇಕಾದರೂ ಕಾರ್ಡ್ ಹಳೆಯ ಡೇಟಾ, ಹಳೆಯ ಎರಡು ಪ್ಯಾರಿಟಿ (ಸತ್ತ ಡಿಸ್ಕಿನ ಡೇಟಾ ವಾಪಸ್ ಕಟ್ಟಲು ಇಟ್ಟ ಲೆಕ್ಕ) ಓದಿ, ಹೊಸ ಪ್ಯಾರಿಟಿ ಲೆಕ್ಕ ಹಾಕಿ, ಮೂರನ್ನೂ ವಾಪಸ್ ಬರೆಯುತ್ತದೆ. ಅದೇ ಪಟ್ಟಿಯ (ಒಂದೇ ಪ್ಯಾರಿಟಿ ಹಂಚಿಕೊಂಡ ತುಂಡುಗಳ ಸಾಲಿನ) ಬೇರೆ ತುಂಡನ್ನು ಅದೇ ಹೊತ್ತಿಗೆ ಇನ್ನೊಂದು ಕಾರ್ಡ್ ಬರೆದರೆ ಡೇಟಾ ಎರಡೂ ಸರಿ ಇರುತ್ತದೆ, ಪ್ಯಾರಿಟಿ ಮಾತ್ರ ಸುಳ್ಳು. ಇವತ್ತು ಏನೂ ಗೊತ್ತಾಗುವುದಿಲ್ಲ. ಮುಂದೆ ಒಂದು ಡಿಸ್ಕ್ ಸತ್ತು ರೀಬಿಲ್ಡ್ ಆಗುವ ದಿನ ಕಸ ಹೊರಗೆ ಬರುತ್ತದೆ. ನನಗೆ ಇದೇ ಜಾಸ್ತಿ ಭಯ.

ಎಲ್‌ಎಸ್‌ಐ ಕಂಪನಿ ಇದಕ್ಕೆಂದೇ 'ಸಿಂಕ್ರೊ ಸಿಎಸ್' ಅಂತ ಬೇರೆ ಜೋಡಿ ಕಾರ್ಡ್ ಮಾಡಿತ್ತು, ಅವು ಕ್ಯಾಶನ್ನು ಒಂದಕ್ಕೊಂದು ಹಂಚಿಕೊಳ್ಳುತ್ತಿದ್ದವು. ನಿಮ್ಮ ಹತ್ತಿರ ಇರುವುದು ಮಾಮೂಲಿ ಕಾರ್ಡ್. 'ಫಾರಿನ್' ಅಂದರೆ ಈ ಡಿಸ್ಕುಗಳು ಬೇರೆ ಕಾರ್ಡಿನವು ಅಂತ. ಹಳೆಯ ಕಾರ್ಡ್ ಸತ್ತು ಹೊಸದು ಹಾಕಿದಾಗ ಇಂಪೋರ್ಟ್ ಮಾಡಬೇಕು, ಹಳೆಯದು ಪಕ್ಕದಲ್ಲೇ ಜೀವಂತ ಇರುವಾಗ ಅಲ್ಲ.

ಇನ್ನು ಆ 'ಶೇರ್ಡ್' ಟಿಕ್. ಎಲ್ಲರೂ ಎಡವುವ ಜಾಗ ಅದು. ಅದು ಏನನ್ನೂ ಶೇರ್ ಮಾಡುವುದಿಲ್ಲ. 'ಇದು ಆಗಲೇ ಶೇರ್ ಆಗಿದೆ, ವಿಎಂ ಕಳಿಸುವಾಗ ಡಿಸ್ಕ್ ಕಾಪಿ ಮಾಡಬೇಡ' ಅಂತ ಪ್ರಾಕ್ಸ್‌ಮಾಕ್ಸಿಗೆ ನಾವು ಕೊಡುವ ಮಾತು ಅಷ್ಟೇ. ಮಾತು ಸುಳ್ಳಾದರೆ ಅದು ನಂಬಿ ಕೆಡುತ್ತದೆ.

ಹೊಸಬ_ನೋಡ್:
ಕೇಬಲ್ ಕಿತ್ತೆ ಸರ್. ಕೈ ನಡುಗುತ್ತಿದೆ. ಡೇಟಾ ಹೋಯ್ತಾ? ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ರಿಪೇರಿ ಮಾಡುವ ಕಮಾಂಡ್) ಓಡಿಸಲಾ?

ರ್‍ಯಾಕ್_ರಾಯರು:
ಬೇಡ, ನಿಧಾನ. ಎಫ್‌ಎಸ್‌ಸಿಕೆ ರಿಪೇರಿ ಮಾಡುತ್ತೇನೆ ಅಂತ ಫೈಲನ್ನೇ ಎತ್ತಿ ಬಿಸಾಕುವುದುಂಟು. ಮೊದಲು ಕಾಪಿ. ಮೊದಲ ನೋಡಿನಲ್ಲಿ ಅನ್‌ಮೌಂಟ್ ಮಾಡಿ, ಆಮೇಲೆ ರೀಡ್ ಓನ್ಲಿಯಾಗಿ ಮೌಂಟ್ ಮಾಡಿ. ಬರೀ ರೀಡ್ ಓನ್ಲಿ ಸಾಲದು, ಜೊತೆಗೆ 'ನೋಲೋಡ್' ಆಪ್ಷನ್ ಕೊಡಬೇಕು. ಇಲ್ಲದಿದ್ದರೆ ಜರ್ನಲ್ (ಇನ್ನೂ ಬರೆಯಬೇಕಾದ ಬದಲಾವಣೆಗಳ ಟಿಪ್ಪಣಿ) ಬಾಕಿ ಇದ್ದರೆ ಇಎಕ್ಸ್‌ಟಿ4 ಅದನ್ನು ಡಿಸ್ಕಿಗೆ ಬರೆದೇ ಬಿಡುತ್ತದೆ. ಎಲ್ಲಾ ವಿಎಂ ಡಿಸ್ಕುಗಳನ್ನೂ ಬೇರೆ ಕಡೆ ಇಳಿಸಿಕೊಳ್ಳಿ. ಕ್ಯೂಕೌ2 (ವಿಎಂ ಡಿಸ್ಕಿನ ಒಂದು ಬಗೆ) ಫೈಲ್ ಆದರೆ ಕಾಪಿಯ ಮೇಲೆ ಕೆಮು ಇಮೇಜ್ ಚೆಕ್ (ಆ ಫೈಲ್ ಪರೀಕ್ಷಿಸುವ ಕಮಾಂಡ್) ಓಡಿಸಿ ನೋಡಿ.

ಕಾರ್ಡಿನ ಕನ್ಸಿಸ್ಟೆನ್ಸಿ ಚೆಕ್ ಕೂಡ ಈಗಲೇ ಬೇಡ. ಡೇಟಾ ಸರಿ, ಪ್ಯಾರಿಟಿ ತಪ್ಪು ಅಂತ ಅದೇ ತೀರ್ಮಾನ ಮಾಡಿ ಪ್ಯಾರಿಟಿಯನ್ನು ತಿದ್ದಿ ಬರೆಯುತ್ತದೆ. ಎರಡನೇ ಕಾರ್ಡ್ 'ಪ್ರಿಸರ್ವ್ಡ್ ಕ್ಯಾಶ್' (ಡಿಸ್ಕಿಗೆ ಬರೆಯದೆ ಉಳಿದ ಡೇಟಾ) ಇದೆ ಅಂತ ಗೊಣಗಿದರೆ ಡಿಸ್ಕಾರ್ಡ್ ಮಾಡಿ. ಪಾಪ ಅಂತ ಕೇಬಲ್ ವಾಪಸ್ ಹಾಕಬೇಡಿ!

ಹೊಸಬ_ನೋಡ್:
ರಾತ್ರಿ ಎರಡು ಗಂಟೆವರೆಗೆ ಕೂತಿದ್ದೆ. 6 ವಿಎಂಗಳಲ್ಲಿ 5 ಚೆನ್ನಾಗಿವೆ. ಎರಡನೇ ನೋಡಿಗೆ ಕಳಿಸಿದ್ದ ಬಿಲ್ಲಿಂಗ್ ವಿಎಂ ಮಾತ್ರ ಹೋಯ್ತು, ಶನಿವಾರದ ಬ್ಯಾಕಪ್ ಇತ್ತು, ಬದುಕಿದೆ. ಈಗ ಹೊಸದಾಗಿ ಹೇಗೆ ಕಟ್ಟಲಿ? ದುಡ್ಡು ಜಾಸ್ತಿ ಇಲ್ಲ.

ಗಡಿಬಿಡಿ_ಗಣಪ:
ಸೆಫ್ (ಎಲ್ಲಾ ನೋಡಿನ ಡಿಸ್ಕಿಗೂ ಡೇಟಾ ಹಂಚಿಡುವ ಸಾಫ್ಟ್‌ವೇರ್)?

ರ್‍ಯಾಕ್_ರಾಯರು:
ಎರಡು ನೋಡಿಗೆ ಸೆಫ್ ಬೇಡ ಮಾರಾಯ, ಕನಿಷ್ಠ ಮೂರು ಬೇಕು.

ದುಡ್ಡು ಖರ್ಚಿಲ್ಲದ ದಾರಿ: ಶೆಲ್ಫ್ ಒಂದೇ ನೋಡಿಗೆ ಇರಲಿ, ರೇಡ್ ಅಳಿಸಿ ಹೊಸದಾಗಿ ಮಾಡಿ, ಅಲ್ಲಿಂದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಎರಡಕ್ಕೂ ಕೊಡಿ. ಬೀಗ ಹಾಕುವವನು ಒಬ್ಬನೇ ಇರುತ್ತಾನೆ. ಆ ನೋಡ್ ಬಿದ್ದರೆ ಎಲ್ಲಾ ಬೀಳುತ್ತದೆ, ಅದು ಗೊತ್ತಿರಲಿ. ಅದು ಒಪ್ಪಿಗೆ ಇಲ್ಲದಿದ್ದರೆ ಎರಡೂ ನೋಡಿನ ಒಳಗೆ ಡಿಸ್ಕ್ ಹಾಕಿ, ರೇಡ್ ಕಾರ್ಡ್ ಬದಲು ಸಾದಾ ಎಚ್‌ಬಿಎ (ರೇಡ್ ಮಾಡದೆ ಡಿಸ್ಕನ್ನು ನೇರ ತೋರಿಸುವ ಕಾರ್ಡ್) ಹಾಕಿ, ಜೆಡ್‌ಎಫ್‌ಎಸ್ ರೆಪ್ಲಿಕೇಷನ್ (ಒಂದು ನೋಡಿನ ವಿಎಂ ಡಿಸ್ಕನ್ನು ಇನ್ನೊಂದಕ್ಕೆ ಆಗಾಗ ನಕಲು ಮಾಡುವುದು) ಇಡಿ. ಪ್ರಾಕ್ಸ್‌ಮಾಕ್ಸಿನಲ್ಲಿ ಅದು ಡಿಫಾಲ್ಟ್ 15 ನಿಮಿಷಕ್ಕೊಮ್ಮೆ ಓಡುತ್ತದೆ, ಅಂದರೆ ಕೆಟ್ಟಾಗ ಕೊನೆಯ 15 ನಿಮಿಷದ ಬಿಲ್ಲು ಹೋಗಬಹುದು.

ಯಾವುದೇ ಮಾಡಿ, ಎರಡೇ ನೋಡಿನ ಕ್ಲಸ್ಟರಿನಲ್ಲಿ ಒಂದು ಬಿದ್ದರೆ ಇನ್ನೊಂದಕ್ಕೆ ಕೋರಂ (ಓಟಿನ ಬಹುಮತ) ಸಿಗುವುದಿಲ್ಲ, ವಿಎಂ ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಒಂದು ರಾಸ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೇಲೆ ಕ್ಯೂಡಿವೈಸ್ (ಓಟು ಮಾತ್ರ ಹಾಕುವ ಸಾಫ್ಟ್‌ವೇರ್) ಹಾಕಿ ಮೂರನೇ ಓಟು ಕೊಡಿಸಿ. ಕಾರ್ಡಿನ ಬ್ಯಾಟರಿಯನ್ನೂ ಒಮ್ಮೆ ನೋಡಿ. ಸೆಕೆಂಡ್ ಹ್ಯಾಂಡ್ ಕಾರ್ಡಿನಲ್ಲಿ ಬ್ಯಾಟರಿ ಸತ್ತಿರುವುದೇ ಹೆಚ್ಚು. ಸತ್ತಿದ್ದರೆ ಕಾರ್ಡ್ ತಾನೇ ರೈಟ್ ಥ್ರೂಗೆ ಇಳಿದು ನಿಧಾನವಾಗುತ್ತದೆ. ಸ್ಪೀಡ್ ಬರಲಿ ಅಂತ ಬಲವಂತವಾಗಿ ರೈಟ್ ಬ್ಯಾಕ್ ಹಾಕಬೇಡಿ, ಕರೆಂಟ್ ಹೋದರೆ ಕ್ಯಾಶಲ್ಲಿ ಇದ್ದದ್ದೂ ಹೋಗುತ್ತದೆ.

ಹೊಸಬ_ನೋಡ್:
ಎನ್‌ಎಫ್‌ಎಸ್ ಮಾಡಿದೆ. ಎರಡೂ ಕಡೆ ಫೈಲ್ ಒಂದೇ ಥರ ಕಾಣುತ್ತಿದೆ, ವಿಎಂ ಆಚೆ ಈಚೆ ಓಡಾಡುತ್ತಿದೆ. ನೀವು ಹೇಳಿದ ಹಾಗೆ ಬ್ಯಾಟರಿ ಸತ್ತೇ ಇತ್ತು, ಹೊಸದು ಆರ್ಡರ್ ಹಾಕಿದ್ದೇನೆ. ಎರಡನೇ ಕಾರ್ಡ್ ಮಾರಾಟಕ್ಕಿದೆ, ಬೇಕಿದ್ದವರು ಹೇಳಿ. ಶೆಲ್ಫಿನ ಎರಡನೇ ಮಾಡ್ಯೂಲಿನ ಪೋರ್ಟಿಗೆ ಇನ್ಸುಲೇಷನ್ ಟೇಪ್ ಅಂಟಿಸಿ 'ಮುಟ್ಟಬೇಡಿ' ಅಂತ ಬರೆದಿದ್ದೇನೆ. ಬೇರೆ ಯಾರಿಗೂ ಅಲ್ಲ, ನನಗೇ.