ಸಾಕಿದ ಬಾಲ್ ಪೈಥಾನ್ ಈಗೀಗ ಕಚ್ಚಲು ಬರುತ್ತಿರುವುದೇಕೆ?

ಪ್ರಶ್ನೆ (ವಿಜಯಪುರ):
ನಮಸ್ಕಾರ. ನೋಂದಣಿ ಮಾಡಿಸಿ ಸಾಕಿರುವ ನಮ್ಮ ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಜಾತಿ) ಇಷ್ಟು ದಿನ ಕೈಮೇಲೆ ಸುಮ್ಮನೆ ಸುತ್ತಿಕೊಂಡಿರುತ್ತಿತ್ತು. ಈಗ ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಾಕು, ಕುತ್ತಿಗೆಯನ್ನು ಹಿಂದಕ್ಕೆಳೆದುಕೊಂಡು ಬುಸುಗುಡುತ್ತದೆ. ನಿನ್ನೆ ತಮ್ಮನ ಬೆರಳನ್ನು ಕಚ್ಚಿತು. ಅದರ ಕಣ್ಣು ಮಬ್ಬಾಗಿ ನೀಲಿಯಾಗಿ ಕಾಣುತ್ತಿದೆ. ಕಾರಣ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಬಾಗಲಕೋಟೆ):
ಸರ್, ಅದು ಪೊರೆ ಬಿಡುವ ಲಕ್ಷಣ. ಆ ದಿನಗಳಲ್ಲಿ ಕಣ್ಣಿನ ಮೇಲಿನ ಹಳೆಯ ಪದರದಡಿ ದ್ರವ ಸೇರಿ ದೃಷ್ಟಿ ಮಂಜಾಗುವುದರಿಂದ, ಎದುರಿಗೆ ಬಂದದ್ದು ಕೈಯೋ ಶತ್ರುವೋ ತಿಳಿಯದೆ ಹಾವು ಹೆದರಿ ಕಚ್ಚುತ್ತದೆ. ಅದನ್ನು ಸಿಟ್ಟೆಂದು ತಿಳಿಯಬೇಡಿ. ಪೊರೆ ಪೂರ್ತಿ ಕಳಚುವವರೆಗೆ ಮುಟ್ಟಲೇಬೇಡಿ. ನಮ್ಮ ಕಡೆಯ ಬೇಸಿಗೆಯ ಒಣಹವೆಯಲ್ಲಿ ಪೊರೆ ಚೂರುಚೂರಾಗಿ ಮೈಗೆ, ವಿಶೇಷವಾಗಿ ಬಾಲದ ತುದಿಗೆ ಅಂಟಿ ಉಳಿದು ಪಾಪ ಅದಕ್ಕೆ ಬಹಳ ಹಿಂಸೆಯಾಗುತ್ತದೆ. ಆದ್ದರಿಂದ ಒದ್ದೆ ಪಾಚಿ (ಮಾಸ್) ತುಂಬಿದ ಡಬ್ಬಿಯೊಂದನ್ನು ಒಳಗಿಟ್ಟು, ತೇವಾಂಶ ಶೇ. 60ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಪೆಟ್ಟಿಗೆಯ ಬೆಚ್ಚನೆಯ ಬದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು.

ಉತ್ತರ (ಬೆಳಗಾವಿ):
ಕಚ್ಚಿ ಕೂಡಲೇ ಬಿಟ್ಟಿತೋ, ಹಿಡಿದು ಸುತ್ತಿಕೊಂಡಿತೋ? ಸುತ್ತಿಕೊಂಡಿದ್ದರೆ ಅದು ಹಸಿವಿನ ಕಡಿತ. ಕೈಗೆ ಇಲಿಯ ವಾಸನೆ ಇದ್ದು, ಬೆರಳಿನ ಬಿಸಿಯನ್ನು ಅದರ ತುಟಿಯಂಚಿನ ಕುಳಿಗಳು ಗುರುತಿಸಿದರೆ ಹೆಬ್ಬಾವಿಗೆ ಅದು ಬೇಟೆಯೇ ಸರಿ. ಕೈ ತೊಳೆದು, ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ತಟ್ಟಿ ಎಚ್ಚರಿಸಿದ ಮೇಲೆಯೇ ಎತ್ತಿಕೊಳ್ಳಿ. ಉಣಿಸಿದ ಬಳಿಕ 48 ಗಂಟೆ ಅದರ ಪಾಡಿಗೆ ಬಿಡಿ.

ಪ್ರಶ್ನೆ ಕೇಳಿದವರು:
ಕೂಡಲೇ ಬಿಟ್ಟಿತು, ಮೇಡಂ.

ಉತ್ತರ (ಬೆಳಗಾವಿ):
ಹಾಗಿದ್ದರೆ ಹೆದರಿಕೆಯೇ. ಇದಕ್ಕೆ ವಿಷವಿಲ್ಲ, ಆದರೂ ಗಾಯವನ್ನು ಸೋಪಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಪೊರೆ ಬಿಟ್ಟ ಮೇಲೂ ಬುಸುಗುಟ್ಟಿದರೆ ಬಾಯಿಹುಣ್ಣು ಅಥವಾ ಮೈಮೇಲೆ ಉಣ್ಣೆ ಹುಳು ಇದೆಯೇ ಎಂದು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.